ವೇಷವನ್ನು ನೋಡಿ ತೀರ್ಪು ಮಾಡುವದು

ವಾಚಕರೇ, ತಿಪ್ಪಸಂದ್ರದ ಕಡೆಯಿಂದ ಬೆಂಗಳೂರಿಗೆ ಹೋಗುವವರಿಗೆ ಮಾಗಡಿ ರಸ್ತೆಯು ಪರಿಚಿತವಾದದ್ದೇ. ಆ ರಸ್ತೆಯಲ್ಲಿರುವ ಜಿ.ಟಿ. ವರ್ಲ್ಡ್ ಮಾಲಿಗೆ 2024ನೆಯ ಜುಲೈ ತಿಂಗಳಲ್ಲಿ ಹಾವೇರಿ ಸೀಮೆಯ ವೃದ್ಧ ರೈತರೊಬ್ಬರು ತಮ್ಮ ಮಗನೊಂದಿಗೆ ಸಿನಿಮಾ ನೋಡಲು ಬಂದರು. ಆದರೆ ಅವರು ಪಂಚೆಯುಟ್ಟಿದ್ದರೆಂಬ ಕಾರಣದಿಂದ ಕಾವಲುಗಾರರು ಬಾಗಿಲಲ್ಲೇ ತಡೆದರು. ಸಂಗತಿಯು ವಿಧಾನಸಭೆಯವರೆಗೂ ಹೋಗಿ, ಆ ಮಾಲನ್ನು ಏಳು ದಿವಸ ಮುಚ್ಚಿಸುವದಾಗಿ ಸರಕಾರವು ಪ್ರಕಟಿಸಿತು.

ಪಂಚೆಯೇ ತಪ್ಪಾಗಿತ್ತೋ? 1994ರಲ್ಲಿ ನಮ್ಮ ರಾಮನಗರದಿಂದ ಆರಿಸಲ್ಪಟ್ಟು ಮುಖ್ಯಮಂತ್ರಿಯಾಗಿ, 1996ರಲ್ಲಿ ಪ್ರಧಾನಮಂತ್ರಿಯೂ ಆದ ದೇವೇಗೌಡರು ಪಂಚೆಯುಟ್ಟೇ ದಿಲ್ಲಿಯಲ್ಲಿ ಅಧಿಕಾರ ನಡಿಸಿದರು. ಅವರನ್ನು ತಡೆಯುವ ಧೈರ್ಯವು ಯಾವ ಕಾವಲುಗಾರನಿಗೆ ಇದ್ದೀತು? ಹೀಗಿರಲಾಗಿ ಬಟ್ಟೆಯು ಬರೀ ನೆವವು. ಇವನು ಬಡವನು, ಇವನನ್ನು ತಳ್ಳಿದರೆ ಕೇಳುವವರಿಲ್ಲ ಎಂಬ ಎಣಿಕೆಯೇ ಬಾಗಿಲನ್ನು ಮುಚ್ಚುತ್ತದೆ.

2022ನೆಯ ಜನವರಿಯಲ್ಲಿ ತುಮಕೂರಿನ ವಾಹನ ಮಳಿಗೆಯೊಂದರಲ್ಲಿ ರೈತನೊಬ್ಬನಿಗೆ, ನಿನ್ನ ಜೇಬಿನಲ್ಲಿ ಹತ್ತು ರೂಪಾಯಿಯೂ ಇರಲಾರದೆಂದು ಮಾರಾಟದವನು ಹೀಯಾಳಿಸಿದನಂತೆ. ರೈತನು ಸ್ವಲ್ಪ ಹೊತ್ತಿನಲ್ಲೇ 10 ಲಕ್ಷ ರೂಪಾಯಿ ತಂದು ಮುಂದಿಟ್ಟನು. ಜನರು ಈ ಕಥೆಯನ್ನು ಬಹು ಸಂತೋಷದಿಂದ ಹೇಳಿಕೊಳ್ಳುವದುಂಟು. ನನಗಾದರೋ ಆ ಸಂತೋಷದೊಳಗೆ ಒಂದು ಮುಳ್ಳು ಕಾಣುತ್ತದೆ. ಹಣ ತಂದದ್ದರಿಂದ ಅವನು ಮರ್ಯಾದೆಗೆ ಯೋಗ್ಯನಾದನೋ? ತರಲಾರದವನು ಆ ಹೀಯಾಳಿಕೆಗೆ ತಕ್ಕವನೋ? ಬಡವನೆಂದು ತಿಳಿದದ್ದು ತಪ್ಪಾಯಿತು ಎಂಬುವದು ಪಶ್ಚಾತ್ತಾಪವಲ್ಲ, ಲೆಕ್ಕದ ತಿದ್ದುಪಡಿ ಮಾತ್ರ. ನಿಜವಾಗಿಯೂ ಹತ್ತು ರೂಪಾಯಿ ಇಲ್ಲದವನೊಡನೆ ಹೇಗೆ ಮಾತಾಡಬೇಕು ಎಂಬದೇ ಪ್ರಶ್ನೆ.

ಯಾಕೋಬನು ತನ್ನ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಗದರಿಸುವದು ಇದೇ ವಿಷಯವಾಗಿಯಷ್ಟೆ. ಅವನು ಗದರಿಸುವದು ಪೇಟೆಯವರನ್ನಲ್ಲ, ಸಭೆ ಕೂಡುವವರನ್ನು. ನಮ್ಮ ಮನೆಗಳ ರೀತಿಯನ್ನೂ ನೋಡೋಣ. ಇಸ್ತ್ರಿ ಅಂಗಿಯವನು ಬಂದರೆ ಕುರ್ಚಿ ಬರುತ್ತದೆ, ಕಾಫಿ ಬರುತ್ತದೆ. ಕೂಲಿಯವನು ಅಂಗಳದಲ್ಲೇ ನಿಂತು ಮಾತು ಮುಗಿಸಿ ಹೋಗುತ್ತಾನೆ. ತೋಟದಲ್ಲಿ ಮೋಟಾರಿನ ವೈರು ಕಳವಾದರೆ, ಬಿಹಾರದ ಕಡೆಯಿಂದ ಕೆಲಸಕ್ಕೆ ಬಂದ, ನಮ್ಮ ಭಾಷೆಯರಿಯದ ಹುಡುಗರ ಕಡೆಗೆ ಮೊದಲು ಬೆರಳು ಹೋಗುತ್ತದೆ. ಅವರ ಮುಖವೇ ಸಾಕ್ಷಿಯೋ! ಆ ಕಾವಲುಗಾರರನ್ನು ಸಹ ಸುಮ್ಮನೆ ಕ್ರೂರಿಗಳೆನ್ನಲಾಗದು. ಅಂಥ ಕೆಲಸಕ್ಕೆ ಹಳ್ಳಿಯಿಂದ ಹೋದವರು ಬಹುಮಂದಿ. ಅವರ ತಂದೆಯೂ ಪಂಚೆಯುಡುವವನೇ ಆಗಿರಬಹುದು. ಸಮವಸ್ತ್ರವನ್ನು ಮಾತ್ರ ನೋಡಿ ಅವರನ್ನು ಅಳೆದರೆ ನಾವು ಮಾಡುವದೂ ಅದೇ ಕೆಲಸವು.

ಕಣ್ಣು ನೋಡಿದೊಡನೆ ಮನಸ್ಸು ಏನಾದರೂ ಹೇಳಿಯೇ ಹೇಳುತ್ತದೆ. ಅದನ್ನು ತಡೆಯುವದು ಕಷ್ಟ. ಆದರೆ ಮನಸ್ಸು ಹೇಳಿದ್ದಕ್ಕೂ ಬಾಯಿ ಆಡುವದಕ್ಕೂ ನಡುವೆ ಸ್ವಲ್ಪ ಸ್ಥಳ ಉಂಟು. ಯಾವ ಊರು, ಏನು ಬೇಕಾಗಿತ್ತು ಎಂದು ಕೇಳುವಷ್ಟು ಸ್ಥಳ. 2024ನೆಯ ಫೆಬ್ರವರಿಯಲ್ಲಿ ರಾಜಾಜಿನಗರದ ಮೆಟ್ರೋ ನಿಲ್ದಾಣದಲ್ಲಿ, ಬಟ್ಟೆ ಮಾಸಿದೆಯೆಂದು ಗಂಟು ಹೊತ್ತ ರೈತರೊಬ್ಬರನ್ನು ಒಳಗೆ ಬಿಡದೆ ಹೋದಾಗ, ಗುರುತು ಪರಿಚಯವಿಲ್ಲದ ಸಹಪ್ರಯಾಣಿಕರು ಮುಂದೆ ಬಂದು, ಯಾವ ಕಾರಣಕ್ಕೆ ತಡೆಯುತ್ತೀರಿ ಎಂದು ಕೇಳಿದರು. ಆ ರೈತರು ಬಡವರೋ ಸಾಹುಕಾರರೋ ಎಂದು ವಿಚಾರಿಸುವದಕ್ಕೆ ಅವರು ನಿಲ್ಲಲಿಲ್ಲ.