ಕೊನೆಯ ದೋಣಿಗೆ ಹಿಂತಿರುಗುವವರು

ಊರಿನಿಂದ ನೆಂಟರು ಬರುತ್ತಾರೆಂದರೆ ಮುಂಬಯಿಯ ನಮ್ಮಂಥವರ ಮನೆಯಲ್ಲಿ ಮೊದಲು ಗೋಡೆಯಿಂದ ಕೆಳಗಿಳಿಯುವುದು ಕ್ಯಾಲೆಂಡರು. ಯಾವ ದಿನ ಎಲ್ಲಿಗೆ, ಎಷ್ಟು ಗಂಟೆಗೆ ಹೊರಡುವುದು, ರಾತ್ರಿ ಊಟಕ್ಕೆ ಮನೆ ಮುಟ್ಟುತ್ತೇವೋ ಇಲ್ಲವೋ, ಇವೆಲ್ಲ ಅದರ ಮೇಲೆ ಪೆನ್ಸಿಲಿನಲ್ಲಿ ಬರೆದಾಗಬೇಕು. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಈ ಖಾತೆ ನನ್ನ ಪಾಲಿಗೆ ಬಂದಿದೆ. "ನಿಮಗೆ ಲೆಕ್ಕ ಹಾಕುವ ಚಟ ಹೇಗೂ ಹೋಗಿಲ್ಲ, ಇದನ್ನೂ ಹಾಕಿ" ಎನ್ನುತ್ತಾಳೆ ನನ್ನ ಹೆಂಡತಿ.

ಲೆಕ್ಕ ಬೇಕಾದ ಕೆಲಸವೇ ಅದು. ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿ ಹತ್ತಿದರೆ ಒಂದು ಗಂಟೆಯಲ್ಲಿ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪ. ಸೋಮವಾರ ಗುಹೆಗಳಿಗೆ ರಜೆ, ಆದ್ದರಿಂದ ಆ ದಿನ ಬಿಡಬೇಕು. ಅದೇ ಗೇಟ್‌ವೇಯಿಂದ ಮಾಂಡ್ವಾಕ್ಕೆ ಹೋಗಿ ಅಲ್ಲಿಂದ ಬಸ್ಸು ಹಿಡಿದರೆ ಅಲಿಬಾಗು. 2020ರಲ್ಲಿ ಶುರುವಾದ ರೋ-ರೋ ಹಡಗಿನಲ್ಲಾದರೆ ಭಾವುಚಾ ಧಕ್ಕಾದಿಂದ ಕಾರನ್ನೂ ಏರಿಸಿಕೊಂಡು ಹೋಗಬಹುದು. ಇನ್ನೂ ಮುಂದಕ್ಕೆ ಮುರುಡ್, ಅದರೆದುರು ನೀರಿನ ನಡುವೆ ಜಂಜಿರಾ ಕೋಟೆ. 1948ರವರೆಗೆ ಸಿದ್ದಿ ನವಾಬರ ಸಂಸ್ಥಾನವಾಗಿದ್ದ ಜಾಗ ಅದು. ನಮ್ಮ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಯರನ್ನು ಕಂಡವರಿಗೆ ಈ ಹೆಸರು ಹೊಸದಲ್ಲ. ಉಪನಗರದವರಿಗೆ ಅಷ್ಟು ದೂರ ಬೇಡವೆಂದರೆ ಮಾರ್ವೆಯಿಂದ ಖಾಡಿ ದಾಟಿದರೆ ಮನೋರಿ, ಬೊರಿವಲಿ ಕಡೆಯಿಂದ ಗೊರಾಯಿ. ಮಳೆಗಾಲದಲ್ಲಿ ಮಾಂಡ್ವಾದ ಮಾಮೂಲಿ ದೋಣಿಗಳು ನಿಲ್ಲುತ್ತವೆ. ನಮ್ಮ ಮಲ್ಪೆಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ನಿಲ್ಲುವ ಹಾಗೆಯೇ.

ಅಲಿಬಾಗಿನ ಕುಲಾಬಾ ಕೋಟೆಗೆ ಸಮುದ್ರ ಇಳಿದಾಗ ನಡೆದೇ ಹೋಗಬಹುದು. ಆ ಹೊತ್ತನ್ನು ಲೆಕ್ಕ ಹಾಕಲು ಕೊಂಕಣದವರ ಹತ್ತಿರ ಒಂದು ಹಳೆಯ ಸೂತ್ರವಿದೆ. ಪಂಚಾಂಗದ ತಿಥಿಯನ್ನು ಮುಕ್ಕಾಲರಿಂದ ಗುಣಿಸಿದರೆ ಉಬ್ಬರದ ಗಂಟೆ ಸಿಗುತ್ತದೆ. ಚೌತಿಗೆ ಮೂರು ಗಂಟೆ, ದಶಮಿಗೆ ಏಳೂವರೆ. ಅಲ್ಲಿಂದ ಸುಮಾರು ಆರು ಗಂಟೆ ಬಿಟ್ಟರೆ ಇಳಿತ. ಉಬ್ಬರ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುವುದರಿಂದ ಈ ಮುಕ್ಕಾಲು ಗಂಟೆಯ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಎಂ.ಕಾಂ. ಓದಿದ ನನಗೆ ಇಂಥ ಸೂತ್ರಗಳೆಂದರೆ ಇವತ್ತಿಗೂ ಖುಷಿ. ಆದರೂ ನೀರಿಗೆ ಕಾಲಿಡುವ ಮೊದಲು ಅಲ್ಲಿನ ಮೀನುಗಾರರನ್ನು ಒಂದು ಮಾತು ಕೇಳಿಯೇ ಮುಂದೆ ಹೋಗಬೇಕು. 2024ರ ಡಿಸೆಂಬರ್ 18ರಂದು ಎಲಿಫೆಂಟಾ ಕಡೆ ಹೊರಟಿದ್ದ ದೋಣಿಗೆ ನೌಕಾಪಡೆಯ ವೇಗದ ದೋಣಿ ಡಿಕ್ಕಿ ಹೊಡೆದು 10ಕ್ಕೂ ಹೆಚ್ಚು ಜನ ತೀರಿಕೊಂಡರು. ಅಂದಿನಿಂದ ನಮ್ಮ ನೆಂಟರು ನಗಲಿ ಬಿಡಲಿ, ಲೈಫ್ ಜಾಕೆಟ್ ಹಾಕಿಸದೆ ನಾನು ಕೂರಿಸುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಪ್ರವಾಸದ ಮಾಹಿತಿ ಕೊಡಲಿಕ್ಕಲ್ಲ. ಈ ಒಂದು ದಿನದ ಪ್ರವಾಸಗಳು ನನ್ನ ತಲೆಯಲ್ಲಿ ಒಂದು ಪ್ರಶ್ನೆ ಬಿಟ್ಟು ಹೋಗಿವೆ. ಒಂದು ಜಾಗವನ್ನು ನೋಡಿ ಹೋಗುವವನಿಗೆ ಆ ಜಾಗದ ಮೇಲೆ ಯಾವ ಅಧಿಕಾರವಿದೆ? ಹೊರನಾಡಿನಲ್ಲಿ ಬದುಕು ಕಳೆದವರಿಗೆ ಇದು ಬರೀ ತರ್ಕದ ಪ್ರಶ್ನೆಯಲ್ಲ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಘಾರಾಪುರಿಯ ಗುಹೆಯಲ್ಲಿ ಸುಮಾರು 18 ಅಡಿ ಎತ್ತರದ ಸದಾಶಿವನ ಮುಂದೆ ನಿಂತರೆ ಎಂಥ ಮಾತುಗಾರನೂ ಒಂದು ನಿಮಿಷ ಸುಮ್ಮನಾಗುತ್ತಾನೆ. ನಾವು ಕನ್ನಡಿಗರಿಗೆ ಅಲ್ಲಿ ಹೆಮ್ಮೆಗೂ ಒಂದು ಎಳೆ ಇದೆ. ಐಹೊಳೆಯ ಮೇಗುತಿ ಗುಡಿಯ 634ರ ಶಾಸನದಲ್ಲಿ ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಂದಿಗೆ ಪಶ್ಚಿಮ ಸಮುದ್ರದ ಪುರಿ ಎಂಬ ಪಟ್ಟಣವನ್ನು ಮುತ್ತಿದ ವರ್ಣನೆ ಬರುತ್ತದೆ. ಆ ಪುರಿ ಈ ಘಾರಾಪುರಿಯೇ ಎನ್ನುವ ವಿದ್ವಾಂಸರಿದ್ದಾರೆ. ಅಲ್ಲ, ಜಂಜಿರಾದ ಪಕ್ಕದ ರಾಜಪುರಿ ಎನ್ನುವವರೂ ಇದ್ದಾರೆ. ಯಾವುದೇ ಇರಲಿ, ಎರಡನ್ನೂ ನಾವು ಈಗ ಟಿಕೆಟು ತೆಗೆದುಕೊಂಡು ನೋಡಿ ಬರಬಹುದು.

ಆದರೆ ಗುಹೆಯಷ್ಟೇ ಆ ದ್ವೀಪವಲ್ಲ. ಶೇತಬಂದರ್, ರಾಜಬಂದರ್, ಮೋರಾಬಂದರ್ ಎಂದು ಅಲ್ಲಿ ಮೂರು ಹಳ್ಳಿಗಳಿವೆ. ಪ್ರವಾಸಿಗಳು ರಾತ್ರಿ ಉಳಿಯುವಂತಿಲ್ಲ. ಸಂಜೆಯ ಕೊನೆಯ ದೋಣಿ ಬಿಟ್ಟ ಮೇಲೆ ದ್ವೀಪ ಅಲ್ಲಿನವರದು. ಆ ಹಳ್ಳಿಗಳಿಗೆ ಕಾಯಂ ವಿದ್ಯುತ್ತು ಬಂದದ್ದು ಯಾವಾಗ ಗೊತ್ತೇ? 2018ರ ಫೆಬ್ರವರಿಯಲ್ಲಿ. ಸಮುದ್ರದ ತಳದಲ್ಲಿ ಸುಮಾರು 7.5 ಕಿಲೋಮೀಟರ್ ಕೇಬಲ್ ಎಳೆದು ತಂದರು. ಅದುವರೆಗೆ ಜನರೇಟರಿನಿಂದ ಸಂಜೆ ಕೆಲವೇ ಗಂಟೆಗಳ ಬೆಳಕು. ಎದುರಿಗೆ ನೋಡಿದರೆ ರಾತ್ರಿಯಿಡೀ ಝಗಝಗಿಸುವ ಮುಂಬಯಿ. 1987ರಲ್ಲೇ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಊರಿನ ಮಕ್ಕಳು ಮತ್ತೂ ಮೂವತ್ತು ವರ್ಷ ರಾತ್ರಿ ಓದಲು ದೀಪಕ್ಕೆ ಒದ್ದಾಡಿದರು.

ಕರೆಂಟು ಬಂದ ಮೇಲೆ ನಾನು ಕರೆದುಕೊಂಡು ಹೋಗಿದ್ದ ನೆಂಟರಲ್ಲೊಬ್ಬರು, ನನಗೆ ಭಾವನಾಗಬೇಕು, ಹಿಂದಿರುಗುವ ದೋಣಿಯಲ್ಲಿ ಹೇಳಿದರು: "ಎಷ್ಟು ಪ್ರಶಾಂತವಾಗಿದೆ ನೋಡಿ. ಇನ್ನು ಟಿವಿ, ಫ್ರಿಜ್ಜು, ಮೈಕು ಎಲ್ಲ ಬಂದು ಇದೂ ಹಾಳಾಗ್ತದೆ. ಕರೆಂಟು ಕೊಡದೆ ಹಾಗೇ ಬಿಡಬೇಕಿತ್ತು." ಭಾವ ಕೆಟ್ಟವರಲ್ಲ. ಆ ಜಾಗ ಅವರಿಗೆ ಮನಸಾರೆ ಹಿಡಿಸಿತ್ತು, ಆ ಪ್ರೀತಿಯಿಂದಲೇ ಆ ಮಾತು ಬಂತು. ಆದರೆ ನಾವು ಆಗಲೇ ಕೊನೆಯ ದೋಣಿಯಲ್ಲಿ ಕುಳಿತಿದ್ದೆವು. ಮನೆಯಲ್ಲಿ ಫ್ಯಾನು ನಮಗಾಗಿ ಕಾಯುತ್ತಿತ್ತು.

ಹಾಗಾದರೆ ನೋಡಲು ಬಂದವನು ಬಾಯಿ ಮುಚ್ಚಿಕೊಂಡಿರಬೇಕೇ? ಅದೂ ಅಷ್ಟು ಸರಳವಲ್ಲ. ಹೊರಗಿನ ಕಣ್ಣಿಗೆ ಕಾಣುವುದು ಕೆಲವೊಮ್ಮೆ ಒಳಗಿನ ಕಣ್ಣಿಗೆ ಬೀಳುವುದಿಲ್ಲ. ದಿನಾ ಕಾಣುವ ಬೆಟ್ಟ ಯಾರಿಗೆ ಬೆಟ್ಟವಾಗಿ ಕಾಣುತ್ತದೆ? ಗುಹೆಗಳನ್ನು ಕಾಪಾಡಬೇಕೆಂಬ ಒತ್ತಾಯದಲ್ಲಿ ದೂರದವರ ಪಾಲು ದೊಡ್ಡದಿದೆ. ಆದರೆ ಇನ್ನೊಂದು ಬಗೆಯ ಹೊರಗಿನವರೂ ಅಲ್ಲಿಗೆ ಬಂದಿದ್ದರು. ಯಾವ ಕಲ್ಲಾನೆಯಿಂದ ಪೋರ್ಚುಗೀಸರು ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟರೋ ಆ ಆನೆಯನ್ನು 1864ರಲ್ಲಿ ಬ್ರಿಟಿಷರು ಇಂಗ್ಲೆಂಡಿಗೆ ಸಾಗಿಸಲು ಹೋಗಿ ಅದು ತುಂಡುತುಂಡಾಯಿತು. ಮತ್ತೆ ಜೋಡಿಸಿದ ಆನೆ ಈಗ ಭಾಯಖಲಾದ ಭಾವು ದಾಜಿ ಲಾಡ್ ಮ್ಯೂಸಿಯಮ್ಮಿನ ಅಂಗಳದಲ್ಲಿದೆ. ಮೆಚ್ಚಿದವರೇ ಅದನ್ನು ಮುರಿದದ್ದು. ಮೆಚ್ಚುಗೆಯಿಂದಲೇ ಅಧಿಕಾರ ಬರುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಕುಂದಾಪುರದ ಹತ್ತಿರದ ನಮ್ಮ ಹಳ್ಳಿಗೆ ನಾನು ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ ಹೋಗುತ್ತೇನೆ. ನಾಲ್ಕು ದಿನ ಇರುತ್ತೇನೆ. ಚಾವಡಿಯಲ್ಲಿ ಕುಳಿತು ಗದ್ದೆಯ ಹಸಿರು ನೋಡಿ "ಆಹಾ" ಎನ್ನುತ್ತೇನೆ. ಆ ಹಸಿರಿನಲ್ಲಿ ಮೊಣಕಾಲುವರೆಗೆ ಕೆಸರಿನಲ್ಲಿ ನಿಂತವನು ಅಣ್ಣಯ್ಯ. ಹಾಗೆ ನೋಡಿದರೆ ನಾನೂ ಕೊನೆಯ ದೋಣಿಗೆ ಹಿಂತಿರುಗುವವನೇ. ದೋಣಿಯ ಬದಲು ಮತ್ಸ್ಯಗಂಧ ಎಕ್ಸ್‌ಪ್ರೆಸ್, ಅಷ್ಟೇ ವ್ಯತ್ಯಾಸ.

ಅಣ್ಣಯ್ಯ ಕೆಲವು ವರ್ಷಗಳ ಹಿಂದೆ ಹಂಚಿನ ಹಳೇಮನೆ ಕೆಡವಿ ತಾರಸಿ ಮನೆ ಕಟ್ಟುವ ಮಾತೆತ್ತಿದ. ಮನೆ ಜಂಟಿ ಹೆಸರಿನಲ್ಲಿದೆ, ಎಲ್ಲರ ಸಹಿ ಬೇಕು. ಬೆಂಗಳೂರಿನಲ್ಲಿರುವ ತಂಗಿ ಫೋನಿನಲ್ಲಿ ಅತ್ತಳು. ಅಮೆರಿಕದಲ್ಲಿರುವ ಅವಳ ಮಗ "ಮಾವ, ಅದು ಹೆರಿಟೇಜ್, ಮುಟ್ಟಬಾರದು" ಎಂದ. ನನ್ನ ಹೊಟ್ಟೆಯಲ್ಲೂ ಸಂಕಟವೇ. ಅಪ್ಪ ಒರಗಿ ಕೂರುತ್ತಿದ್ದ ಕಂಬವದು. ಅಣ್ಣಯ್ಯ ಹೆಚ್ಚು ವಾದ ಮಾಡಲಿಲ್ಲ. "ಮಳೆಗಾಲದಲ್ಲಿ ಒಂದ್ ತಿಂಗ್ಳ್ ಬಂದ್ ಇರ್ ಮಾರಾಯ, ಕಡೆಗೆ ಮಾತಾಡುವ" ಎಂದ ಅಷ್ಟೆ. ಆಟಿ ತಿಂಗಳಲ್ಲಿ ಸೋರುವ ಮಾಡಿನ ಕೆಳಗೆ ಎಲ್ಲೆಲ್ಲಿ ಪಾತ್ರೆ ಇಡಬೇಕೆಂದು ಅತ್ತಿಗೆಗೆ ಕತ್ತಲಲ್ಲೂ ಗೊತ್ತು. ಒಡೆದ ಹಂಚು ಬದಲಿಸಲು ಎಪ್ಪತ್ತು ದಾಟಿದ ಅಣ್ಣಯ್ಯ ಏಣಿ ಹತ್ತಬೇಕು, ಆಳು ಸಿಗುವುದಿಲ್ಲ. ನಮಗೆ ಬೇಕಾದ ನೆನಪಿನ ಬಾಡಿಗೆಯನ್ನು ಅವರಿಬ್ಬರೂ ಕಟ್ಟುತ್ತಿದ್ದರು.

ಹಾಗಾದರೆ ಮುರಿಯಬೇಕೆನ್ನುವವರ ಮಾತೇ ಎಲ್ಲ ಕಡೆ ನಡೆಯಬೇಕೇ? ನಾಳೆ ಘಾರಾಪುರಿಯಲ್ಲಿ ಯಾರಾದರೂ ಸದಾಶಿವನ ಪಕ್ಕದ ಗೋಡೆ ಒಡೆದು ಅಂಗಡಿ ಮಾಡುತ್ತೇನೆಂದರೆ? ಇಲ್ಲಿ ನಾನು ಒಂದು ಗೆರೆ ಎಳೆದುಕೊಂಡಿದ್ದೇನೆ. ಗುಹೆಯಲ್ಲಿ ಇವತ್ತು ಯಾರೂ ಮಲಗುವುದಿಲ್ಲ. ಸುಮಾರು ಹದಿನಾಲ್ಕು ಶತಮಾನಗಳಿಂದ ಕೈ ಬದಲಾಗುತ್ತಾ ಬಂದದ್ದು, ಇನ್ನೂ ಹುಟ್ಟದವರಿಗೂ ಅದರಲ್ಲಿ ಪಾಲಿದೆ. ಬ್ಯಾಂಕಿನ ಭಾಷೆಯಲ್ಲಿ ಅದು ಠೇವಣಿ, ಕಾಯುವವರು ಇದ್ದಾರೆ, ಒಡೆಯರಿಲ್ಲ. ಅಂಥದ್ದರ ಬಗ್ಗೆ ದೂರದವನೂ ದನಿಯೆತ್ತಬಹುದು, ಎತ್ತಬೇಕು. ಆದರೆ ಯಾವ ಸೂರಿನ ಕೆಳಗೆ ಈ ರಾತ್ರಿ ಯಾರೋ ಮಲಗಬೇಕಾಗಿದೆಯೋ, ಯಾವ ದೀಪದಡಿ ಮಗು ಓದಬೇಕಾಗಿದೆಯೋ ಅಲ್ಲಿ ರಾತ್ರಿ ಉಳಿಯುವವನ ಮಾತೇ ಕೊನೆಯ ಮಾತು. ನೋಡಿ ಹೋಗುವವನು ಕೇಳಬಹುದು, ಬೇಡಿಕೊಳ್ಳಬಹುದು, ಖರ್ಚಿನಲ್ಲಿ ಪಾಲು ಹಾಕಬಹುದು. ತೀರ್ಪು ಕೊಡುವಂತಿಲ್ಲ.

ನಾನು ಸಹಿ ಹಾಕಿ ಕಳಿಸಿದೆ. ತಂಗಿ ಕೆಲವು ತಿಂಗಳು ಫೋನು ಮಾಡಲಿಲ್ಲ. ಅವಳ ದುಃಖ ಸುಳ್ಳಲ್ಲ, ಅದಕ್ಕೆ ನನ್ನ ಹತ್ತಿರ ಉತ್ತರವೂ ಇಲ್ಲ. ಸರಿಯಾದದ್ದನ್ನು ಮಾಡಿದರೆ ಮನಸ್ಸು ಹಗುರಾಗುತ್ತದೆ ಅನ್ನುತ್ತಾರೆ. ನನಗೇನೂ ಹಾಗಾಗಲಿಲ್ಲ. ಈಗಲೂ ಊರಿಗೆ ಹೋದಾಗ ತಾರಸಿಯ ಕೆಳಗೆ ಅತ್ತಿಗೆ ನೆಮ್ಮದಿಯಾಗಿ ಮಲಗಿರುತ್ತಾರೆ, ನನಗೆ ಮಾತ್ರ ನಿದ್ದೆ ಬರುವುದು ತಡ.

ಈ ಲೆಕ್ಕ ಇನ್ನೊಂದು ದಿಕ್ಕಿಗೂ ಹೊಂದುತ್ತದೆ. ಊರಿನಿಂದ ಬಂದವರು ನಮ್ಮ ಡೊಂಬಿವಲಿಯ ಎರಡು ಕೋಣೆಯ ಮನೆ ನೋಡಿ "ಈ ಗೂಡಿನಲ್ಲಿ ಹೇಗಪ್ಪಾ ನಲವತ್ತು ವರ್ಷ ಕಳೆದೆ?" ಎನ್ನುತ್ತಾರೆ. ಗೇಟ್‌ವೇ ಚಂದ, ಲೋಕಲ್ ರೈಲು ನರಕ ಎನ್ನುತ್ತಾರೆ. ಆ ನರಕದಲ್ಲೇ ಪ್ರತಿದಿನ ಸೀಟು ಬಿಟ್ಟುಕೊಟ್ಟ, ಹಬ್ಬದ ದಿನ ಸಿಹಿ ಹಂಚಿದ ಗೆಳೆಯರು ನನಗಿದ್ದರು. ಅದು ಯಾವ ಒಂದು ದಿನದ ಪ್ರವಾಸದಲ್ಲೂ ಕಾಣುವಂಥದ್ದಲ್ಲ.

ಒಳನಾಡಿನ ಓದುಗರಲ್ಲಿ ನನ್ನದೊಂದು ಕೋರಿಕೆ. ಮುಂಬಯಿಗೆ ಬನ್ನಿ. ಘಾರಾಪುರಿ, ಅಲಿಬಾಗು, ಜಂಜಿರಾ ಎಲ್ಲ ನೋಡಿ, ದೋಣಿಯ ಹೊತ್ತನ್ನೂ ಉಬ್ಬರದ ಹೊತ್ತನ್ನೂ ನಾನೇ ಬರೆದುಕೊಡುತ್ತೇನೆ. ಆದರೆ ಒಂದು ದಿನವನ್ನು ಏನೂ ನೋಡದೆ ಇಡಿ. ಆ ದಿನ ನೀರು ಬರುವ ಹೊತ್ತಿಗೆ ಏಳಿ, ನಮ್ಮೊಡನೆ ತರಕಾರಿಗೆ ಬನ್ನಿ, ಪಕ್ಕದ ಮನೆಯವರ ಮಾತು ಕೇಳಿ. ನಾವೂ ಊರಿಗೆ ಬಂದಾಗ ಚಾವಡಿಯಿಂದ ಇಳಿದು ಒಂದು ದಿನವಾದರೂ ಮಳೆಯಲ್ಲಿ ನಿಮ್ಮೊಡನೆ ಗದ್ದೆಯ ಅಂಚಿನವರೆಗೆ ಬರುತ್ತೇವೆ. ಅದರಿಂದ ಅಧಿಕಾರ ಸಿಗುವುದಿಲ್ಲ. ಅಭಿಪ್ರಾಯ ಹೇಳುವ ಮೊದಲು ಒಂದು ಕ್ಷಣ ತಡೆಯುವ ಬುದ್ಧಿ ಬರುತ್ತದೆ, ಅದೇ ಸಾಕು.