ಕಲಶಕ್ಕಿಳಿದ ಪತ್ರಗಳು

ಚುಂಚನಕಟ್ಟೆಯ ಕೋದಂಡರಾಮ ದೇವಾಲಯದ ವಿಷಯದಲ್ಲಿ ನಮ್ಮ ಸೀಮೆಯ ಜನ ಎರಡು ವಿಶೇಷಗಳನ್ನು ತಪ್ಪದೆ ಹೇಳುವರು. ಮೊದಲನೆಯದು, ಅಲ್ಲಿ ಸೀತಾದೇವಿಯು ವಾಡಿಕೆಯಂತೆ ಶ್ರೀರಾಮನ ಎಡಕ್ಕೆ ನಿಲ್ಲದೆ ಬಲಕ್ಕೆ ನಿಂತಿರುವಳೆಂಬುದು. ಎರಡನೆಯದು, ಸುಮಾರು 60 ಅಡಿಗಳ ಎತ್ತರದಿಂದ ಕವಲೊಡೆದು ಧುಮುಕುವ ಕಾವೇರಿಯ ಭೋರ್ಗರೆತವು ಪ್ರಾಕಾರದಲ್ಲೆಲ್ಲ ತುಂಬಿಕೊಂಡಿದ್ದರೂ ಗರ್ಭಗೃಹದೊಳಗೆ ಮಾತ್ರ ಕೇಳಿಸದೆಂಬುದು. ಗರ್ಭಗೃಹದಲ್ಲಿ ನಿಂತು ಪರೀಕ್ಷಿಸುವ ಅಧಿಕಾರ ನನಗಿಲ್ಲವಾದ್ದರಿಂದ ಎರಡನೆಯದನ್ನು ಅರ್ಚಕರ ಮಾತಿನ ಮೇಲೆ ನಂಬಿದ್ದೇನೆ. ಹೊರಗೆ ಕ್ಷಣವೂ ನಿಲ್ಲದೆ ಹರಿಯುವ ನೀರು, ಒಳಗೆ ಅದರ ಸದ್ದೂ ಸೋಂಕದ ಮೌನ. ಹರಿಯುವುದು ದೇಹ, ನಿಂತಿರುವುದು ಆತ್ಮ ಎಂದು ಇದರಿಂದ ಒಂದು ಪ್ರವಚನವನ್ನೇ ಹೊಸೆಯಬಹುದು, ಹಲವರು ಹೊಸೆದೂ ಇದ್ದಾರೆ. ನಾನೂ ಬಹುಕಾಲ ಆ ಮಾತಿಗೆ ತಲೆದೂಗುತ್ತಿದ್ದವನೇ. ಆದರೆ ಕಳೆದ ಆಷಾಢದಲ್ಲಿ, ಹಳೆಯ ಕಂಪ್ಯೂಟರೊಂದರಲ್ಲಿ ಉಳಿದುಹೋಗಿದ್ದ ಇಮೇಲ್ ಪತ್ರಗಳನ್ನು ಹೊಸ ಯಂತ್ರಕ್ಕೆ ಸಾಗಿಸುವ ಒಂದು ಲೌಕಿಕ ಕಾರ್ಯವು, ಅಷ್ಟು ಸುಲಭವಾಗಿ ತಲೆದೂಗಕೂಡದೆಂದು ನನಗೆ ಕಲಿಸಿತು.

ಪತ್ರಗಳು ನನ್ನ ಬಾಲ್ಯಸ್ನೇಹಿತನವು. ಕೃಷ್ಣರಾಜನಗರದ ಶಾಲೆಯಲ್ಲಿ ನನ್ನೊಡನೆ ಒಂದೇ ಬೆಂಚಿನಲ್ಲಿ ಕುಳಿತು ಓದಿ, ಅನಂತರ ಅಮೆರಿಕೆಗೆ ಹೋಗಿ, ಅಲ್ಲಿಯೇ ನೆಲೆಸಿ, ಅಲ್ಲಿಯೇ ತೀರಿಕೊಂಡವನು ಅವನು. 2001ರಿಂದ ಒಂಬತ್ತು ವರ್ಷ ಅವನು ನನಗೆ ಬರೆದ 600ಕ್ಕೂ ಮಿಕ್ಕ ಪತ್ರಗಳು ವಿಂಡೋಸ್ ಎಕ್ಸ್‌ಪಿಯ ಯಂತ್ರದೊಳಗೆ ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ತಂತ್ರಾಂಶದ ವಶದಲ್ಲಿದ್ದವು. ಆ ತಂತ್ರಾಂಶ ತೆರೆಮರೆಗೆ ಸರಿದು ವರ್ಷಗಳಾದವು. ಎಕ್ಸ್‌ಪಿಯ ಪೋಷಣೆಯನ್ನು ಅದರ ತಯಾರಕರು 2014ರಲ್ಲಿಯೇ ನಿಲ್ಲಿಸಿದರು. ಯಂತ್ರವೂ ಮುಪ್ಪಿಗೆ ಬಂದು, ಹೊತ್ತಿಸಿದರೆ ರಾಗಿಕಲ್ಲಿನಂತೆ ಗೊರಗೊರನೆ ಸದ್ದು ಮಾಡುತ್ತಿತ್ತು. ಮೈಸೂರಿನಿಂದ ಬಂದಿದ್ದ ನನ್ನ ಸೋದರಳಿಯನು ಅದನ್ನು ಕಂಡು ಮರುಗಿ, ಥಂಡರ್‌ಬರ್ಡ್ ಎಂಬ ಬೇರೊಂದು ತಂತ್ರಾಂಶಕ್ಕೆ ಪತ್ರಗಳನ್ನೆಲ್ಲ ದಾಟಿಸಿಕೊಡುವುದಾಗಿ ಕುಳಿತನು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಪತ್ರಗಳು ದಾಟಿದವು. ಆದರೆ ಕನ್ನಡದಲ್ಲಿ ಬರೆದ ಮೊದಲನೆಯ ಪತ್ರವನ್ನು ತೆರೆದರೆ, ತೆರೆಯ ಮೇಲೆ ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವೇ ಹೊರತು ಒಂದಾದರೂ ಕನ್ನಡ ಪದ ಕಾಣಲಿಲ್ಲ. ನನ್ನ ಮುಖ ಕಂಡು ಅಳಿಯನು ಸಮಾಧಾನ ಹೇಳಿದನು: "ಏನೂ ಹೋಗಿಲ್ಲ ಮಾವ. ಎಲ್ಲಾ ಇದೆ. ಓದೋಕೆ ಬರ್ತಿಲ್ಲ, ಅಷ್ಟೆ."

ಎಲ್ಲವೂ ಇದೆ, ಓದಲು ಮಾತ್ರ ಬಾರದು! ಹುಡುಗನು ಯಂತ್ರದ ಸಂಗತಿಯನ್ನು ಹೇಳಿದನಾದರೂ, ಆ ಮಾತು ವೇದಾಂತಿಗಳೂ ಬೌದ್ಧರೂ ಶತಮಾನಗಳ ಕಾಲ ವಾದಿಸಿದ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟಿತು. ಒಂದು ಆಶ್ರಯದಿಂದ ಮತ್ತೊಂದು ಆಶ್ರಯಕ್ಕೆ ದಾಟುವಾಗ ದಾಟುವುದು ಏನು? ದಾಟಿದ ಮೇಲೆ ಅದು ಅದೇ ಎಂದು ಹೇಳುವುದಕ್ಕೆ ಆಧಾರವೇನು?

ನಮ್ಮಲ್ಲಿ ಮನೆಮನೆಗೂ ಪರಿಚಿತವಾದ ಉತ್ತರ ಗೀತೆಯದು: ಜೀರ್ಣವಾದ ಬಟ್ಟೆಯನ್ನು ಬಿಟ್ಟು ಹೊಸ ಬಟ್ಟೆಯನ್ನುಟ್ಟವನು ತಾನು ಬದಲಾಗನು, ದೇಹಿಯೂ ಹಾಗೆಯೇ. ಈ ಉಪಮಾನದ ಬಲದ ಮೇಲೆ ನಾನು ಮೊದಲು, ಪತ್ರದ ಅರ್ಥವೇ ದೇಹಿ, ಅಕ್ಷರಗಳೂ ತಂತ್ರಾಂಶವೂ ಬಟ್ಟೆ ಎಂದುಕೊಂಡೆ. ಈ ಬಟ್ಟೆಯಾದರೋ ಎಂಥದೆಂಬುದನ್ನು ಅಳಿಯನು ಬಿಡಿಸಿ ತೋರಿಸಿದನು. ಯೂನಿಕೋಡ್ ಎಂಬ ಜಾಗತಿಕ ಸಂಕೇತವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿತ್ತಾದರೂ, ನನ್ನ ಮಿತ್ರನು ಬರೆಯುತ್ತಿದ್ದ ಕಾಲದಲ್ಲಿ ಬಳಕೆಯಲ್ಲಿದ್ದುದು ನುಡಿ, ಬರಹ ಮೊದಲಾದ ತಂತ್ರಾಂಶಗಳ ಅಂದಿನ ಅಕ್ಷರಶೈಲಿಗಳು. ಅವು ರೋಮನ್ ಅಕ್ಷರಗಳಿಗೆಂದು ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದವು. ಆ ಅಕ್ಷರಶೈಲಿ ಯಂತ್ರದಲ್ಲಿದ್ದರೆ ಕನ್ನಡ. ಇಲ್ಲದಿದ್ದರೆ ವೇಷ ಕಳಚಿದ ನಟನಂತೆ ಬರಿಯ ರೋಮನ್.

ಇದರಲ್ಲಿ ಮತ್ತೂ ಸೂಕ್ಷ್ಮವಾದ ಒಂದು ಸಂಗತಿಯುಂಟು. ‘ಧರ್ಮ’ ಎಂಬ ಪದವನ್ನು ಬರೆಯುವಾಗ ನಾವು ಮೊದಲು ಧಕಾರವನ್ನು, ಆಮೇಲೆ ಮಕಾರವನ್ನು, ಕಟ್ಟಕಡೆಗೆ ಅರ್ಕಾವತ್ತನ್ನು ಬರೆಯುವೆವು. ಉಚ್ಚರಿಸುವಾಗಲಾದರೋ ರೇಫವು ಮಕಾರಕ್ಕಿಂತ ಮುಂಚಿತವಾಗಿಯೇ ನಾಲಗೆಯಿಂದ ಹೊರಡುವುದು. ಹಳೆಯ ಅಕ್ಷರಶೈಲಿಯ ಪದ್ಧತಿಯು ಕಣ್ಣು ಕಂಡ ಕ್ರಮವನ್ನು ಕಾದಿರಿಸಿತು. ಯೂನಿಕೋಡ್ ನಾಲಗೆ ನುಡಿದ ಕ್ರಮವನ್ನು ಕಾದಿರಿಸುವುದು. ಆದಕಾರಣ ಒಂದರಿಂದ ಮತ್ತೊಂದಕ್ಕೆ ಮಾರ್ಪಡಿಸುವಾಗ ಒಂದೊಂದು ಚಿಹ್ನೆಗೆ ಒಂದೊಂದು ಚಿಹ್ನೆಯನ್ನು ಬದಲಿಗಿಟ್ಟರೆ ಸಾಲದು. ಕೊನೆಯಲ್ಲಿರುವ ಅರ್ಕಾವತ್ತನ್ನು ಎತ್ತಿ ರೇಫವನ್ನಾಗಿಸಿ ಮಕಾರದ ಹಿಂದಕ್ಕೆ ತರಬೇಕು. ಅಳಿಯನ ಮೊದಲ ಪ್ರಯತ್ನದಲ್ಲಿ ಈ ಎಚ್ಚರ ತಪ್ಪಿದ್ದರಿಂದ ಧರ್ಮ, ಕರ್ಮ, ಸೂರ್ಯ ಮೂರೂ ತಮ್ಮ ರೇಫವನ್ನು ಕಳೆದುಕೊಂಡು, ಪಕ್ಕದಲ್ಲಿ ಅನಾಥ ಚಿಹ್ನೆಯೊಂದನ್ನು ಇಟ್ಟುಕೊಂಡು ನಿಂತವು. ಬಟ್ಟೆ ಬದಲಿಸುವಾಗ ಉಟ್ಟವನ ಮೂಳೆಗಳನ್ನೇ ಸ್ಥಾನಾಂತರ ಮಾಡಬೇಕಾದರೆ, ಯಾವುದು ಬಟ್ಟೆ, ಯಾವುದು ಮೈ ಎಂದು ಹೇಳುವುದು ಹೇಗೆ? ಆತ್ಮನ ವಿಷಯದಲ್ಲಿ ಗೀತೆಯ ಮಾತನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಮನುಷ್ಯನು ಮನುಷ್ಯನಿಗೆ ಬರೆದ ಮಾತಿಗೆ ಆ ಉಪಮಾನ ಪೂರ್ತಿಯಾಗಿ ಹೊಂದಲಿಲ್ಲವೆಂದಷ್ಟೇ ಹೇಳುವೆನು.

ಹೊಂದದಿರುವುದಕ್ಕೆ ಮತ್ತೊಂದು ಕಾರಣವೂ ಇದೆ. ಬಟ್ಟೆ ಬದಲಿಸಿದವನು ಒಬ್ಬನೇ ಆಗಿರುವನು. ಪತ್ರಗಳಾದರೋ ಹೊಸ ಯಂತ್ರಕ್ಕೆ ಬಂದ ಮೇಲೆಯೂ ಹಳೆಯದರಲ್ಲಿ ಹಾಗೆಯೇ ಇದ್ದವು. ಸಾಗಿಸುವುದೆಂದು ನಾವು ಕರೆಯುವುದು ನಿಜವಾಗಿ ನಕಲು ಮಾಡುವುದು. ಇಲ್ಲಿ ನೆರವಿಗೆ ಬರುವುದು ಬೌದ್ಧರ ದೀಪ. ಮಿಲಿಂದನೆಂದು ನಮ್ಮವರು ಕರೆದ ಯವನರಾಜನ ಪ್ರಶ್ನೆಗಳಿಗೆ ಉತ್ತರಿಸುತ್ತ ನಾಗಸೇನನು, ಒಂದು ದೀಪದಿಂದ ಮತ್ತೊಂದನ್ನು ಹೊತ್ತಿಸಿದಾಗ ಮೊದಲನೆಯದರಿಂದ ಯಾವ ವಸ್ತುವೂ ದಾಟುವುದಿಲ್ಲವೆಂದೂ, ಆದರೂ ಎರಡನೆಯದು ಮೊದಲನೆಯದನ್ನು ಬಿಟ್ಟು ಬಂದುದಲ್ಲವೆಂದೂ ತಿಳಿಸುವನು. ಈ ಉತ್ತರದ ಜೀವಂತ ಉದಾಹರಣೆಯನ್ನು ನೋಡಲು ನಮ್ಮ ಸೀಮೆಯವರು ದೂರ ಹೋಗಬೇಕಾದುದಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, ಮುಸುಕಿನ ಜೋಳದ ಹೊಲಗಳ ನಡುವೆ, ಟಿಬೆಟ್ಟಿನಿಂದ ಬಂದ ನಿರಾಶ್ರಿತರು ನೆಲೆ ಕಂಡರು; ಲ್ಹಾಸಾದ ಸಮೀಪದಲ್ಲಿ 1419ರಲ್ಲಿ ಸ್ಥಾಪಿತವಾಗಿದ್ದ ಸೆರಾ ವಿಹಾರವನ್ನು ಅವರು 1970ರಲ್ಲಿ ಇಲ್ಲಿ ಮರಳಿ ಕಟ್ಟಿದರು. ಅಲ್ಲಿನ ಸೆರಾ ಇನ್ನೂ ನಿಂತಿದೆ. ಇಲ್ಲಿನದು ಅದರ ಪ್ರತಿರೂಪವೆಂದು ಹೇಳಿದರೆ ಬೈಲಕುಪ್ಪೆಯ ಭಿಕ್ಷುವು ಬಹುಶಃ ನಕ್ಕಾನು. ಅಂಗಳದಲ್ಲಿ ಎದ್ದುನಿಂತು, ಕೈತಟ್ಟಿ, ಎದುರು ಕುಳಿತವನ ಮೇಲೆ ತರ್ಕದ ಪ್ರಶ್ನೆ ಎಸೆಯುವ ಆ ಪದ್ಧತಿ ಲ್ಹಾಸಾದ ಕಲ್ಲುಗೋಡೆಗಳಿಂದ ಬೈಲಕುಪ್ಪೆಯ ಕೆಮ್ಮಣ್ಣಿಗೆ ದಾಟಿತು. ದಾಟಿದ ವಸ್ತು ಯಾವುದೆಂದು ಬೊಟ್ಟು ಮಾಡಿ ತೋರಿಸಲಾಗದು.

ದೀಪದ ಉಪಮಾನ ನನ್ನ ಪತ್ರಗಳಿಗೆ ಹೆಚ್ಚು ಹೊಂದಿತು. ಆದರೂ ಅದು ಒಂದು ವಿಷಯದಲ್ಲಿ ಮೌನವಾಗಿದೆ. ದೀಪಕ್ಕೆ ದೀಪ ತಾಗಿದೊಡನೆ ಹೊತ್ತಿಕೊಳ್ಳುವುದು. ನಡುವೆ ಏನೂ ಬೇಡ. ಪತ್ರಗಳು ಹಾಗೆ ಹೊತ್ತಿಕೊಳ್ಳಲಿಲ್ಲ. ಹಳೆಯ ತಂತ್ರಾಂಶದ ಕಡತಗಳು ಅದಕ್ಕೆ ಮಾತ್ರ ತಿಳಿಯುವ ಕಟ್ಟಿನವು. ಹೊಸದು ಅವನ್ನು ಬಿಚ್ಚಲಾರದು. ಅಳಿಯನು ಮಾಡಿದ್ದೇನೆಂದರೆ, ಪ್ರತಿಯೊಂದು ಪತ್ರವನ್ನೂ ಹಳೆಯ ತಂತ್ರಾಂಶದಿಂದ ಹೊರಗೆಳೆದು, ಇಎಮ್‌ಎಲ್ ಎಂಬ ಬರಿಯ ಪಠ್ಯದ ಕಡತವಾಗಿ ಒಂದು ಕಡೆ ಇಳಿಸಿದನು. ಮಿಂಚಂಚೆಯ ಪಠ್ಯ ಹೇಗಿರಬೇಕೆಂದು 1982ರಲ್ಲಿ ಗೊತ್ತುಮಾಡಿದ ನಿಯಮಾವಳಿಯ ಜಾಡಿನಲ್ಲಿ, ಅದರಲ್ಲಿ ಮೊದಲು ಬರೆದವನ ವಿಳಾಸ, ಪಡೆದವನ ವಿಳಾಸ, ದಿನಾಂಕ, ವಿಷಯ, ಒಂದು ಖಾಲಿ ಸಾಲು, ಅನಂತರ ಪತ್ರ. ಅಲಂಕಾರವಿಲ್ಲ, ಯಾವ ತಂತ್ರಾಂಶದ ಹಂಗೂ ಇಲ್ಲ. ಆ ಸಾದಾ ಕಡತಗಳನ್ನು ಹೊಸ ತಂತ್ರಾಂಶ ತನ್ನೊಳಕ್ಕೆ ತೆಗೆದುಕೊಂಡಿತು.

ಇದನ್ನು ನೋಡುತ್ತಿದ್ದಂತೆ ನನಗೆ ನೆನಪಾದದ್ದು ಆಗಮಶಾಸ್ತ್ರದ ಕಲಾಕರ್ಷಣ. ದೇವಾಲಯದ ಜೀರ್ಣೋದ್ಧಾರ ಮಾಡಬೇಕಾದಾಗ ಮೂರ್ತಿಯನ್ನು ಹಾಗೆಯೇ ಕೀಳುವಂತಿಲ್ಲ. ಅದರಲ್ಲಿನ ದೈವಸಾನ್ನಿಧ್ಯವನ್ನು ಮಂತ್ರಪೂರ್ವಕವಾಗಿ ನೀರು ತುಂಬಿದ ಕಲಶಕ್ಕೆ ಇಳಿಸಿ, ಬಾಲಾಲಯದಲ್ಲಿಟ್ಟು ಪೂಜಿಸುತ್ತಿದ್ದು, ಕಟ್ಟಡ ಪೂರೈಸಿದ ಮೇಲೆ ಅಲ್ಲಿಂದ ಮರಳಿ ಮೂರ್ತಿಗೆ ತುಂಬುವರು. ಒಂದು ಶಿಲೆಯಿಂದ ಮತ್ತೊಂದು ಸ್ಥಿತಿಗೆ ಹೋಗುವ ದಾರಿಯಲ್ಲಿ ನಮ್ಮ ಹಿರಿಯರು ನೀರನ್ನೇಕೆ ಆರಿಸಿದರು? ತನ್ನದೆಂಬ ಆಕಾರವಿಲ್ಲದ್ದೇ ಇತರರ ಆಕಾರವನ್ನು ಕೆಡಿಸದೆ ಹೊತ್ತೀತು ಎಂಬ ತಿಳಿವು ಅವರಿಗಿದ್ದಿರಬೇಕೆಂದು ನನ್ನ ಊಹೆ. ಬರಿಯ ಪಠ್ಯವೂ ಅಂಥದೊಂದು ನೀರು. ಗೀತೆಯ ಬಟ್ಟೆಯಲ್ಲಿಯೂ ನಾಗಸೇನನ ದೀಪದಲ್ಲಿಯೂ ಇಲ್ಲದ ಎರಡು ಅಂಶಗಳು ಈ ಕಲಶದಲ್ಲಿವೆ: ನಡುವಣ ದಾರಿಯೊಂದುಂಟೆಂಬುದು ಒಂದು, ಆ ದಾರಿಯನ್ನು ಯಾರಾದರೊಬ್ಬರು ಶ್ರದ್ಧೆಯಿಂದ ನಡೆಯಿಸಬೇಕು, ನಡೆದ ಮೇಲೆ ಪುನಃ ಪ್ರತಿಷ್ಠೆ ಮಾಡಬೇಕು, ಅದು ತಾನಾಗಿ ಆಗದೆಂಬುದು ಇನ್ನೊಂದು.

ಕಾವೇರಿಯ ಮೇಲೆಯೇ, ಇಲ್ಲಿಂದ ಕೆಳಗೆ, ಇದಕ್ಕೆ ಮಹತ್ತಾದ ನಿದರ್ಶನವಿದೆ. 1911ರಲ್ಲಿ ಕೃಷ್ಣರಾಜಸಾಗರದ ಅಣೆಕಟ್ಟಿನ ಕೆಲಸ ಆರಂಭವಾದ ಮೇಲೆ ನೀರು ಏರಿ, ಹಳೆಯ ಕನ್ನಂಬಾಡಿಯ ಹೊಯ್ಸಳ ಕಾಲದ ವೇಣುಗೋಪಾಲಸ್ವಾಮಿ ದೇವಾಲಯ ಮುಳುಗಿತು. ಬರಗಾಲದ ವರ್ಷಗಳಲ್ಲಿ ಮಾತ್ರ ಜಲಾಶಯ ತಗ್ಗಿದಾಗ ಅದು ತಲೆಯೆತ್ತಿ ಜನರಿಗೆ ದರ್ಶನ ಕೊಡುತ್ತಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಖೋಡೆ ಪ್ರತಿಷ್ಠಾನದವರು ಅದರ ಕಲ್ಲುಗಳನ್ನು ಗುರುತುಮಾಡಿ ಬಿಚ್ಚಿ ತಂದು, ಹೊಸ ಕನ್ನಂಬಾಡಿಯ ಬಳಿ ದಡದ ಮೇಲೆ ಮರಳಿ ಜೋಡಿಸಿದರು. ಕಲ್ಲಿಗೆ ಬರೆದ ಆ ಗುರುತು ಕಲ್ಲಿನ ಭಾಗವೇ? ಅಲ್ಲ. ಆದರೆ ಆ ಗುರುತಿಲ್ಲದೆ ಕಲ್ಲಿನ ರಾಶಿ ಗುಡಿಯಾಗುತ್ತಿತ್ತೆ? ನನ್ನ ಮಿತ್ರನ ಪತ್ರಗಳ ನೆತ್ತಿಯ ಮೇಲಿನ ದಿನಾಂಕ, ವಿಳಾಸಗಳೂ ಅಂಥ ಗುರುತುಗಳೇ. ಅವನ್ನು ನಾನು ಒಂಬತ್ತು ವರ್ಷಗಳಲ್ಲಿ ಒಮ್ಮೆಯೂ ಗಮನವಿಟ್ಟು ನೋಡಿರಲಿಲ್ಲ.

ದಾಟಿದ್ದಕ್ಕೆ ಗಾಯದ ಕಲೆಯೂ ಉಳಿಯದಿರುವುದಿಲ್ಲ. ಪತ್ರಗಳನ್ನೆಲ್ಲ ಒಂದೇ ಉದ್ದನೆಯ ಕಡತದಲ್ಲಿ ಹೆಣೆದಿಡುವ ಎಂಬಾಕ್ಸ್ ಎಂಬ ವಿಧಾನದಲ್ಲಿ, ‘ಇಂದ’ ಎಂಬರ್ಥದ ‘ಫ್ರಮ್’ ಎಂಬ ಆಂಗ್ಲಪದದಿಂದ ಆರಂಭವಾಗುವ ಸಾಲೇ ಹೊಸ ಪತ್ರದ ಹೊಸಿಲು. ಪತ್ರದ ಒಡಲಿನಲ್ಲಿಯೇ ಯಾವುದಾದರೂ ಸಾಲು ಆ ಪದದಿಂದ ಆರಂಭವಾದರೆ ಅದನ್ನು ಹೊಸಿಲೆಂದು ಭ್ರಮಿಸದಿರಲೆಂದು ತಂತ್ರಾಂಶಗಳು ಅದರ ಮುಂದೆ ಬಾಣದ ಮೊನೆಯಂಥ ಒಂದು ಚಿಹ್ನೆಯನ್ನು ಇಟ್ಟುಬಿಡುವುದುಂಟು. ಮಿತ್ರನ ಇಂಗ್ಲಿಷ್ ಪತ್ರವೊಂದರಲ್ಲಿ ಅಂಥ ಬಾಣ ಕಾಣಿಸಿತು. ಅವನು ಬರೆದುದಲ್ಲ ಅದು; ಪಯಣ ಬರೆದುದು. ಅಳಿಯನು ಅಳಿಸಲು ಹೊರಟಾಗ ನಾನೇ ಬೇಡವೆಂದೆ. ಜನ್ಮದಿಂದ ಜನ್ಮಕ್ಕೆ ಸಂಸ್ಕಾರವು ಅಂಟಿ ಬರುವುದೆಂದು ಶಾಸ್ತ್ರಗಳು ಹೇಳುವಾಗ, ಪಯಣದ ಒಂದು ಬಾಣವನ್ನು ಸಹಿಸಲಾರೆವೆ?

ಸಂಜೆಯ ವೇಳೆಗೆ ರೇಫಗಳೂ ತಮ್ಮ ಸ್ಥಾನಕ್ಕೆ ಬಂದಿದ್ದವು. ಆಗ ನಾನು ಮತ್ತೊಂದು ಲೋಪವನ್ನು ಕಂಡೆ. ಯಾವ ಪತ್ರವನ್ನು ಓದಿಯಾಗಿದೆ, ಯಾವುದನ್ನು ಓದಿಲ್ಲ ಎಂಬ ಲೆಕ್ಕವನ್ನು ಇಟ್ಟುಕೊಂಡಿದ್ದುದು ಹಳೆಯ ತಂತ್ರಾಂಶ. ಪತ್ರದ ಪಠ್ಯದಲ್ಲಿ ಅದು ಇರಲಿಲ್ಲವಾದ್ದರಿಂದ ಕಲಶದ ನೀರಿಗೆ ಅದು ಇಳಿಯಲಿಲ್ಲ. ಆದ್ದರಿಂದ ಹೊಸ ಯಂತ್ರದಲ್ಲಿ 600 ಪತ್ರಗಳೂ ದಪ್ಪಕ್ಷರಗಳಲ್ಲಿ, ಆಗತಾನೆ ಬಂದು ಬಾಗಿಲಲ್ಲಿ ನಿಂತವರಂತೆ, ಓದದ ಪತ್ರಗಳಾಗಿ ನಿಂತಿದ್ದವು. "ಇದೊಂದು ತೊಂದರೆ ಮಾವ, ಎಲ್ಲಾನೂ ಓದಿದ್ದು ಅಂತ ಗುರುತು ಮಾಡ್ಬಿಡ್ಲಾ?" ಎಂದು ಅಳಿಯ ಕೇಳಿದನು. ಒಂದೇ ಒತ್ತಿಗೆ ಆಗುವ ಕೆಲಸವಂತೆ. ನಾನು ಅದಕ್ಕೂ ಬೇಡವೆಂದೆ.

ಬೇಡವೆಂದ ಮೇಲೆ ಓದದೆ ಗತಿಯಿಲ್ಲ. ಅವನು ಊರಿಗೆ ಹೊರಟುಹೋದ ಬಳಿಕ, ಕೈಗೆ ಬಂದ ಒಂದನ್ನು ತೆರೆದೆ. 2003ರ ಜುಲೈ ತಿಂಗಳಿನದು. ಕಾವೇರಿಯ ಸೀಮೆಗೆ ಮಳೆ ಕೈಕೊಟ್ಟಿದ್ದ ಕಾಲ. ಮಗಳ ಓದು, ತನ್ನ ಮಂಡಿನೋವು, ಅಲ್ಲಿನ ಸೆಕೆ, ಇವುಗಳನ್ನೆಲ್ಲ ಹೇಳಿ ಮುಗಿಸಿ, ಪ್ರತಿವರ್ಷದಂತೆ ಅವನು ಕಡೆಯ ಸಾಲಿನಲ್ಲಿ ಕೇಳಿದ್ದನು, ಕಟ್ಟೆಗೆ ನೀರು ಬಂತೆ ಎಂದು. ಆ ವರ್ಷ ನಾನು ಏನೆಂದು ಉತ್ತರಿಸಿದೆನೋ ನೆನಪಿಲ್ಲ; ನಾನು ಬರೆದ ಪತ್ರಗಳನ್ನು ನಾನು ಉಳಿಸಿಕೊಂಡಿರಲಿಲ್ಲ.

ಇದು ಅದೇ ಪತ್ರವೇ ಎಂಬ ಪ್ರಶ್ನೆ ನನಗೆ ಆ ಗಳಿಗೆಯಲ್ಲಿ ಬೇರೆಯಾಗಿ ತೋರಿತು. ಅದರ ತಂತ್ರಾಂಶ ಬೇರೆ, ಸಂಕೇತ ಬೇರೆ, ಅಕ್ಷರಗಳು ಕುಳಿತ ಕ್ರಮವೂ ಬೇರೆ, ಬರೆದವನಿಲ್ಲ, ಓದುವವನೂ 2003ರ ಮನುಷ್ಯನಲ್ಲ. ಬಟ್ಟೆಯ ಹಿಂದಿನ ಮೈಯನ್ನಾಗಲಿ ದೀಪದ ಕೆಳಗಿನ ಎಣ್ಣೆಯನ್ನಾಗಲಿ ಅದರಲ್ಲಿ ಹುಡುಕಿ ತೆಗೆಯುವಂತಿಲ್ಲ. ಆದರೂ ಅದು ನನ್ನನ್ನು ಕೇಳಬಲ್ಲುದು. ಕೇಳಿದ್ದಕ್ಕೆ ಉತ್ತರ ಕೊಡುವ ಹೊಣೆ ನನ್ನದೆಂದು ನನಗೆ ಅನ್ನಿಸಬಲ್ಲುದು. ಆ ಕೇಳುವಿಕೆಗೂ ಈ ಹೊಣೆಗೂ ನಡುವಣ ಸಂಬಂಧ ಕಡಿಯದಿರುವವರೆಗೆ ಅದು ಅದೇ ಪತ್ರ. ಎಲ್ಲ ಅಕ್ಷರಗಳೂ ಸುರಕ್ಷಿತವಾಗಿದ್ದು ಕೇಳಿಸಿಕೊಳ್ಳುವವನು ಇಲ್ಲವಾದರೆ, ಎಲ್ಲಾ ಇದೆ, ಓದಲು ಮಾತ್ರ ಬಾರದು ಎಂಬ ಸ್ಥಿತಿ. ಮೂರ್ತಿಯಲ್ಲಿ ಕೊರತೆಯಿಲ್ಲದಿದ್ದರೂ ಪ್ರತಿಷ್ಠೆಯಿಲ್ಲದೆ ಪೂಜೆಯಿಲ್ಲವೆಂದು ನಮ್ಮವರು ಕಟ್ಟಳೆ ಮಾಡಿದುದರ ಮರ್ಮ ಇದೇ ಇರಬಹುದೆ?

ಅಂಗಿ ತೊಟ್ಟು ಕಟ್ಟೆಯ ಕಡೆಗೆ ಹೊರಟೆ. ಬೆಳಿಗ್ಗೆಯಿಂದ ಕೊಡಗಿನ ಕಡೆ ಮೋಡ ಕಟ್ಟಿದ್ದಿತು. ಗುಡಿಯ ಬಾಗಿಲು ಹಾಕಿತ್ತು. ಒಳಗಿನ ಮೌನದ ವಿಚಾರವನ್ನು ಆ ಹೊತ್ತು ನಾನು ಕೇಳಹೋಗಲಿಲ್ಲ. ಮೆಟ್ಟಿಲಿಳಿದು ನಿಂತೆ. ಕವಲೆರಡೂ ಕೆಂಪಗೆ ತುಂಬಿ ಬಂಡೆಯ ಮೇಲಿಂದ ಬೀಳುತ್ತಿದ್ದವು. ಮನೆಗೆ ಬಂದು, ಆ ಪತ್ರದ ಕೆಳಗೆ, ಯಾವ ವಿಳಾಸಕ್ಕೂ ಹೋಗಲಾರದ ಉತ್ತರವನ್ನು ಬರೆದು ಕಾದಿರಿಸಿದೆ: ನೀರು ಬಂದಿದೆ.