ಒಪ್ಪದವನಿಗೂ ಜಮಖಾನದಲ್ಲಿ ಜಾಗ

ಊರಿನವರೆಲ್ಲ ಒಂದು ಕಡೆ ಕೂತು ಊರಿನ ಕಷ್ಟಸುಖ ಮಾತಾಡುವುದು ಒಳ್ಳೆಯದೇ? ಇದೂ ಒಂದು ಪ್ರಶ್ನೆಯೇ ಎಂದೀರಿ. ಆದರೆ ಪವಿತ್ರ ಗ್ರಂಥದಲ್ಲಿ ಒಂದು ಸಭೆಯ ಕಥೆ ಇದೆ. ಅದನ್ನು ಓದಿದ ಮೇಲೆ ಅಷ್ಟು ಸಲೀಸಾಗಿ ಉತ್ತರ ಹೇಳಲಾಗದು.

ನಾಬೋತನ ದ್ರಾಕ್ಷಿತೋಟದ ಕಥೆ ನಮಗೆಲ್ಲ ಗೊತ್ತು. ಅರಮನೆಯ ಪಕ್ಕದ ತೋಟದ ಮೇಲೆ ಅರಸ ಅಹಾಬನ ಕಣ್ಣು ಬಿತ್ತು. ಬದಲಿಗೆ ಬೇರೆ ತೋಟ ಕೊಡುತ್ತೇನೆ, ಬೇಡವಾದರೆ ಹಣ ಕೊಡುತ್ತೇನೆ ಎಂದ. ಪಿತ್ರಾರ್ಜಿತ ಭೂಮಿಯನ್ನು ಕೊಡಲಾರೆ ಎಂದ ನಾಬೋತ. ಮುಂದೆ ನಡೆದದ್ದನ್ನು ನಾವು ಅರಸನ ದುರಾಸೆ, ರಾಣಿಯ ಕುತಂತ್ರ ಎಂದು ಹೇಳಿ ಮುಗಿಸುತ್ತೇವೆ. ಆದರೆ ರಾಣಿ ಈಜೆಬೆಲಳು ಸೈನಿಕರನ್ನು ಕಳಿಸಲಿಲ್ಲ. ಊರ ಹಿರಿಯರಿಗೆ ಪತ್ರ ಬರೆದು ಸಭೆ ಕರೆಸಿದಳು! ನಾಬೋತನಿಗೆ ಎಲ್ಲರ ಮುಂದೆ ಗೌರವದ ಆಸನ. ಎದುರಿಗೆ ಇಬ್ಬರು ಸುಳ್ಳುಸಾಕ್ಷಿಗಳು. ಅಷ್ಟು ಜನರಲ್ಲಿ ಒಬ್ಬನಾದರೂ ಎದ್ದುನಿಂತು "ಸ್ವಲ್ಪ ತಾಳಿ, ಅವನ ಮಾತನ್ನೂ ಕೇಳೋಣ" ಎಂದಂತೆ ಕಾಣುವುದಿಲ್ಲ.

ದೇವನಹಳ್ಳಿ ಸೀಮೆಯವರಿಗೆ ಇದು ದೂರದ ಕಥೆಯಲ್ಲ. ಇಲ್ಲಿಯೂ ದ್ರಾಕ್ಷಿತೋಟಗಳಿವೆ. 2008ರಲ್ಲಿ ವಿಮಾನ ನಿಲ್ದಾಣ ಬಂದಮೇಲೆ ಆ ತೋಟಗಳ ಮೇಲೆ ಎಲ್ಲರ ಕಣ್ಣೂ ಬಿದ್ದಿದೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳಲು ಸರ್ಕಾರ ಹೊರಟಾಗ, 2022ರ ಏಪ್ರಿಲ್‌ನಲ್ಲಿ ರೈತರು ಧರಣಿ ಕೂತರು. ಹೆಚ್ಚುಕಡಿಮೆ 1,200 ದಿನ. 2025ರ ಜೂನ್ 25ರಂದು ದೇವನಹಳ್ಳಿಯಲ್ಲಿ ಪೊಲೀಸರು ಹೋರಾಟಗಾರರನ್ನು ಬಂಧಿಸಿದರು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ರೈತರ ಎದುರೇ ಘೋಷಿಸಿದರು.

ಆ ಧರಣಿಯ ಮೂಲದಲ್ಲಿದ್ದ ನೋವು ಬರೀ ದರದ್ದಲ್ಲ. 2013ರ ಕೇಂದ್ರ ಕಾಯ್ದೆಯಲ್ಲಿ ಖಾಸಗಿ ಕಂಪನಿಗಾಗಿ ಭೂಮಿ ತೆಗೆದುಕೊಳ್ಳುವಾಗ ಬಾಧಿತ ಕುಟುಂಬಗಳಲ್ಲಿ ನೂರಕ್ಕೆ 80 ಕುಟುಂಬಗಳು ಒಪ್ಪಬೇಕು. ನಮ್ಮ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ನಡೆಯುವುದು 1966ರ ಕಾಯ್ದೆಯಂತೆ. ಅದರಲ್ಲಿ ನೋಟೀಸು ಬರುತ್ತದೆ, ಆಕ್ಷೇಪಣೆ ಇದ್ದರೆ ಸಲ್ಲಿಸಬಹುದು, "ಕೊಡುತ್ತೀಯಾ?" ಎಂದು ಕೇಳುವ ಕ್ರಮವಿಲ್ಲ. ಮನೆಯ ಎಮ್ಮೆಯನ್ನು ಕೊಳ್ಳಲು ಬಂದವನೂ ಯಜಮಾನನನ್ನು ಕೇಳುತ್ತಾನಲ್ಲವೇ? ಕೇಳದೆ ತೆಗೆದುಕೊಳ್ಳುವುದು ಅನ್ಯಾಯ ಎಂದು ಆ ರೈತರು ಹೇಳಿದ್ದು ನನ್ನ ಮಟ್ಟಿಗೆ ಪೂರಾ ಸರಿ.

ಆದರೆ ಅದೇ ಜುಲೈನಲ್ಲಿ ಇನ್ನೊಂದು ದನಿಯೂ ಕೇಳಿತು. ನಾವು ಜಮೀನು ಕೊಡಲು ಸಿದ್ಧ, ತಕ್ಕ ಬೆಲೆ ಕೊಡಿ ಎಂದರು ಕೆಲವು ರೈತರು. ಸ್ವಂತ ಇಚ್ಛೆಯಿಂದ ಕೊಡುವವರಿಂದ ಪಡೆಯುತ್ತೇವೆ ಎಂದು ಮುಖ್ಯಮಂತ್ರಿಗಳೂ ಅಂದೇ ಹೇಳಿದರು. ಹೀಗೆ ಸರ್ಕಾರಕ್ಕೂ ಹಳ್ಳಿಗೂ ನಡುವೆ ಇದ್ದ ಪ್ರಶ್ನೆ ನೆರೆಮನೆಗೂ ನೆರೆಮನೆಗೂ ನಡುವೆ ಬಂದು ಕೂತಿತು. ಪ್ರಿಯ ಓದುಗರೇ, ಕಷ್ಟವಿರುವುದು ಇಲ್ಲೇ.

ಮಾರುತ್ತೇನೆ ಎನ್ನುವವನನ್ನು ದ್ರೋಹಿ ಎನ್ನುವುದು ಬಹಳ ಸುಲಭ. ದಲ್ಲಾಳಿಯ ಮಾತಿಗೆ ಮರುಳಾಗಿದ್ದಾನೆ ಎನ್ನುವುದು ಇನ್ನೂ ಸುಲಭ. ಅಂಥವರು ಇಲ್ಲವೆಂದಲ್ಲ. ಆದರೆ ಕೊಳವೆಬಾವಿ ಬತ್ತಿ ಸಾಲ ಬೆಳೆದವನಿರಬಹುದು. ಮಕ್ಕಳೆಲ್ಲ ಪಟ್ಟಣ ಸೇರಿ ಉಳುವವರೇ ಇಲ್ಲದ ಮುದುಕನಿರಬಹುದು. ಅವನು ಸಭೆಗೆ ಬಂದು ಬಾಯಿ ಬಿಟ್ಟರೆ ಏನಾಗುತ್ತದೆ? ಹೋರಾಟಕ್ಕೆ ಒಗ್ಗಟ್ಟು ಬೇಕು, ನಿಜ. ಒಬ್ಬ ಮಾರಿದರೆ ಪಕ್ಕದವನ ನೀರು, ದಾರಿ, ಬೆಲೆ ಎಲ್ಲವೂ ಅಲುಗಾಡುತ್ತವೆ. ಆದ್ದರಿಂದ "ನನ್ನ ಹೊಲ ನನ್ನಿಷ್ಟ" ಎಂದು ಅವನೂ ಎದ್ದು ಹೋಗುವಂತಿಲ್ಲ. ಆದರೆ ಬಾಯಿ ಮುಚ್ಚಿಸಿ ತಂದ ಒಗ್ಗಟ್ಟಿನಲ್ಲಿ ಮತ್ತೆ ಅದೇ ತಪ್ಪು ನಡೆಯುತ್ತದೆ. ಸರ್ಕಾರ ನಮ್ಮನ್ನು ಕೇಳಲಿಲ್ಲ ಎಂದವರು ಅವನನ್ನು ಕೇಳಬೇಡವೇ? ಅವನ ಮಾತನ್ನು ಒಪ್ಪಬೇಕಿಲ್ಲ. ಅವನು ಹೇಳಿ ಮುಗಿಸಿ ಅದೇ ಜಮಖಾನದ ಮೇಲೆ ಮತ್ತೆ ಕೂರುವಂತಿರಬೇಕು, ಮರುದಿನ ಅವನ ಮನೆಯ ಸಾವಿಗೆ ಊರು ಹೋಗುವಂತಿರಬೇಕು.

ಆರನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮದಲ್ಲಿ, ಮುಖ್ಯ ವಿಷಯ ಬಂದಾಗ ಎಲ್ಲ ಸಹೋದರರನ್ನೂ ಸೇರಿಸಿ ಅಭಿಪ್ರಾಯ ಕೇಳಬೇಕೆಂದು ವಿಧಿಸಿದರು. ಒಳ್ಳೆಯದನ್ನು ದೇವರು ಅನೇಕ ಸಲ ಕಿರಿಯನಿಗೇ ತೋರಿಸುತ್ತಾರೆ ಎಂಬುದು ಅವರು ಕೊಟ್ಟ ಕಾರಣ. (ನಮ್ಮ ಧರ್ಮಕೇಂದ್ರಗಳ ಸಭೆಗಳಲ್ಲಿ ಕಿರಿಯರು ಕುರ್ಚಿ ಜೋಡಿಸುವುದನ್ನೇ ಹೆಚ್ಚು ಕಂಡಿದ್ದೇನೆ.)

ಇನ್ನು ಹೆಣ್ಣುಮಕ್ಕಳ ಮಾತು. ಕರ್ನಾಟಕದಲ್ಲಿ 1994ರಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಪಾಲುಂಟು. ಕೊಡುವುದೋ ಬಿಡುವುದೋ ಎಂಬ ತೀರ್ಮಾನ ಮಾತ್ರ ಎಷ್ಟೋ ಮನೆಗಳಲ್ಲಿ ಗಂಡಸರ ಜಗಲಿಯಲ್ಲೇ ಮುಗಿಯುತ್ತದೆ. ಸಹಿ ಬೇಕಾದಾಗ ಮದುವೆಯಾಗಿ ಹೋದ ತಂಗಿ ನೆನಪಾಗುತ್ತಾಳೆ. ಗ್ರಾಮಸಭೆಗೆ ಹೆಂಗಸರು ಬರುವುದಿಲ್ಲ ಎಂದು ದೂರುವವರೂ ಇದ್ದಾರೆ. ಸಭೆ ಕರೆಯುವ ಹೊತ್ತನ್ನು ಅವರು ನೋಡಿದ್ದಾರೆಯೇ? ಸಂಜೆ ಆರಕ್ಕೆ ಸಭೆ ಎಂದರೆ ಅದು ಹಾಲು ಕರೆದು ಡೇರಿಗೆ ಹಾಕುವ ವೇಳೆ. ಒಂದು ಗಂಟೆ ತಡವಾಗಿ ಕರೆದು ನೋಡಲಿ.